ದಿನವೂ ತಲೆನೋವು: ಪತ್ತೆಗೆ ಮೊದಲು ಡೈರಿ, ಆಮೇಲೆ ಸ್ಕ್ಯಾನ್

ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ದಿನವೂ ತಲೆನೋವೆಂದರೆ ಶಾಲೆಯಲ್ಲಿ ಅದು ನೆಪವೆನಿಸುತ್ತದೆ. ಮನೆಯಲ್ಲಿ ಮೆದುಳಿನ ಗಡ್ಡೆಯ ಭಯ ಹುಟ್ಟುತ್ತದೆ. ಎರಡೂ ಅವಸರದ ತೀರ್ಮಾನಗಳೇ.

ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ದಿನ ಕಾಡುವ ನೋವನ್ನು ದೀರ್ಘಕಾಲಿಕ ದೈನಂದಿನ ತಲೆನೋವು ಎನ್ನುತ್ತಾರೆ. ಇದು ಅಪರೂಪವಲ್ಲ. ಬೆಂಗಳೂರು ನಗರ ಹಾಗೂ ಸುತ್ತಲಿನ ಗ್ರಾಮಗಳ ವಯಸ್ಕರನ್ನು ಕುರಿತು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 3ರಷ್ಟು ಜನರಿಗೆ ತಿಂಗಳಲ್ಲಿ 15 ದಿನಕ್ಕೆ ಕಡಿಮೆಯಿಲ್ಲದಂತೆ ತಲೆನೋವಿತ್ತು.

ಹದಿಹರೆಯದಲ್ಲಿ ಇದಕ್ಕೆ ಸಾಮಾನ್ಯ ಕಾರಣ ಮೈಗ್ರೇನ್ ಇಲ್ಲವೇ ಟೆನ್ಷನ್ ತಲೆನೋವು. ಇವು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ರೋಗಿಯ ವಿವರಣೆಯಿಂದಲೇ ತಿಳಿಯಬೇಕು. ಆದ್ದರಿಂದ ಒಂದು ತಿಂಗಳು ಡೈರಿ ಬರೆಸಿ: ನೋವಿನ ವೇಳೆ, ಜಾಗ, ಮಿಡಿತವೋ ಬಿಗಿತವೋ, ವಾಕರಿಕೆ, ನಿದ್ರೆ, ತಪ್ಪಿದ ಊಟ, ಕುಡಿದ ನೀರು, ನುಂಗಿದ ಮಾತ್ರೆ. ರಾಯಚೂರಿನ ಬೇಸಿಗೆಯಲ್ಲಿ ನೀರಿನ ಕೊರತೆಯೂ ನೋವನ್ನು ಕೆರಳಿಸಬಹುದು. ತಿಂಗಳಲ್ಲಿ 15 ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು!

ಡೈರಿಯೊಡನೆ ಮಾನ್ವಿ ಅಥವಾ ದೇವದುರ್ಗದ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ವೈದ್ಯರು ರಕ್ತದೊತ್ತಡ, ದೃಷ್ಟಿ, ನರಗಳ ಕಾರ್ಯ ನೋಡುತ್ತಾರೆ. ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸಬೇಕು. ತಲೆಬುರುಡೆಯೊಳಗೆ ಒತ್ತಡ ಏರಿದರೆ ದೃಷ್ಟಿನರದ ತುದಿ ಊದಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗದು. ಸಂಶಯ ಉಳಿದರೆ ರಾಯಚೂರಿನ ರಿಮ್ಸ್ ಇದೆ.

ಆದರೆ ನಿದ್ರೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ಎರಡೆರಡಾಗಿ ಕಾಣುವುದು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲು ಸೋಲುವುದು ಕಂಡರೆ ಡೈರಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.