ಚೀಟಿ ತುಂಬಿದವರಿಗಷ್ಟೇ ತಟ್ಟೆ

ಮಾರ್ಚ್ ತಿಂಗಳಿನ ಒಂದು ಭಾನುವಾರ ಸಂಜೆ. ಅಮೆರಿಕದ ಸಿನಿಮಾ ಹುಚ್ಚರ ಮನೆಗಳಿಗೆ ಗೆಳೆಯರು ಒಬ್ಬೊಬ್ಬರಾಗಿ ಬರುತ್ತಾರೆ. ಬಾಗಿಲಲ್ಲೇ ಕೈಗೊಂದು ಹಾಳೆ, ಒಂದು ಪೆನ್ನು ಸಿಗುತ್ತದೆ. ಹಾಳೆಯಲ್ಲಿ ಆ ವರ್ಷದ ಆಸ್ಕರ್ ನಾಮನಿರ್ದೇಶನಗಳ ಪೂರ್ತಿ ಪಟ್ಟಿ. ಯಾರು ಗೆಲ್ಲುತ್ತಾರೆಂದು ಟಿಕ್ ಹಾಕಿ, ಕೆಳಗೆ ಹೆಸರು ಬರೆದುಕೊಟ್ಟವರಿಗಷ್ಟೇ ತಿಂಡಿಯ ಮೇಜಿನತ್ತ ದಾರಿ. ಪ್ರಶಸ್ತಿ ಪ್ರದಾನವನ್ನು ಒಟ್ಟಿಗೆ ಕೂತು ನೋಡುವ ಈ ವಾರ್ಷಿಕ ಕೂಟ ಅಲ್ಲಿ ಹಬ್ಬದಷ್ಟೇ ರೂಢಿಯಾಗಿದೆ.

1929ರ ಮೇ 16ರಂದು ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ಇಂಥ ಆಟಕ್ಕೆ ಜಾಗವೇ ಇರಲಿಲ್ಲ. ಗೆದ್ದವರ ಹೆಸರು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿತ್ತು. ಪ್ರಶಸ್ತಿ ಹಂಚಿಕೆ ಸುಮಾರು 15 ನಿಮಿಷದಲ್ಲಿ ಮುಗಿಯಿತು. ಆಮೇಲಿನ ವರ್ಷಗಳಲ್ಲಿ, ರಾತ್ರಿಯವರೆಗೆ ಗುಟ್ಟು ಬಿಡಬಾರದೆಂಬ ಷರತ್ತಿನ ಮೇಲೆ ಪತ್ರಿಕೆಗಳಿಗೆ ಪಟ್ಟಿ ಮೊದಲೇ ಹೋಗುತ್ತಿತ್ತು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಸಂಜೆಯ ಆವೃತ್ತಿಯಲ್ಲೇ ಅದನ್ನು ಅಚ್ಚು ಹಾಕಿಬಿಟ್ಟಿತು. ಸಮಾರಂಭಕ್ಕೆ ಹೊರಟವರಿಗೆ ದಾರಿಯಲ್ಲೇ ಫಲಿತಾಂಶ ಸಿಕ್ಕಿತು! ಮರುವರ್ಷದಿಂದ ಮುಚ್ಚಿದ ಲಕೋಟೆ ಬಂತು. 1953ರ ಮಾರ್ಚ್ 19ರಂದು ಮೊದಲ ಬಾರಿಗೆ ಟೀವಿಯಲ್ಲಿ ನೇರ ಪ್ರಸಾರವಾಯಿತು. ಲಕೋಟೆ ಒಡೆಯುವ ಕ್ಷಣ ಮನೆಮನೆಗೂ ಬಂದ ಮೇಲೆ ಊಹೆ, ಬಾಜಿ, ಜಗಳಗಳಿಗೆ ಬರವೇ?

ಹಾಲಿವುಡ್ಡಿನವರೂ ಇಂಥ ಕೂಟಗಳಿಗೆ ಹೊರತಲ್ಲ. ತಾರೆಯರ ಏಜೆಂಟ್ 'ಸ್ವಿಫ್ಟಿ' ಲಜಾರ್, ಸ್ಪಾಗೋ ರೆಸ್ಟೊರೆಂಟಿನಲ್ಲಿ ಟೀವಿ ಇರಿಸಿ ಕೊಡುತ್ತಿದ್ದ ಔತಣಕ್ಕೆ ಆಹ್ವಾನ ಸಿಗುವುದೇ ಒಂದು ಪ್ರತಿಷ್ಠೆಯಾಗಿತ್ತು. ಗಾಯಕ ಎಲ್ಟನ್ ಜಾನ್ 90ರ ದಶಕದಿಂದ ನಡೆಸುತ್ತಿರುವ ಕೂಟ ಏಡ್ಸ್ ವಿರುದ್ಧದ ಕೆಲಸಕ್ಕೆ ಹಣ ಕೂಡಿಸುತ್ತದೆ.

ಮನೆಯ ಕೂಟದ ಜೀವ ಇರುವುದು ಮಾತ್ರ ಆ ಚೀಟಿಯಲ್ಲಿ. ಕಾರ್ಯಕ್ರಮ ಮೂರು ಗಂಟೆ ದಾಟುತ್ತದೆ. 2002ರಲ್ಲಿ 4 ಗಂಟೆ 23 ನಿಮಿಷ ಎಳೆದಿತ್ತು. ಧ್ವನಿ ವಿನ್ಯಾಸಕ್ಕೆ, ಕೇಶಾಲಂಕಾರಕ್ಕೆ ಪ್ರಶಸ್ತಿ ಕೊಡುವಾಗ ಬರಿಗೈಯವರಾದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಟಿಕ್ ಹಾಕಿದವರು ಕದಲುವುದಿಲ್ಲ. ನಟ-ನಟಿಯರ, ನಿರ್ದೇಶಕರ ವಿಭಾಗಗಳಲ್ಲಿ ಅಂಕ ಗಳಿಸುವುದು ಅಷ್ಟೇನೂ ಕಷ್ಟವಲ್ಲ. ಕಲಾವಿದರ ಸಂಘ, ನಿರ್ದೇಶಕರ ಸಂಘಗಳ ಪ್ರಶಸ್ತಿಗಳು ಮೊದಲೇ ಬಂದು ಸುಳಿವು ಕೊಟ್ಟಿರುತ್ತವೆ. ಆಟ ಗೆಲ್ಲುವುದು, ಸೋಲುವುದು ಮೂರು ಕಿರುಚಿತ್ರ ವಿಭಾಗಗಳಲ್ಲಿ. ಅವನ್ನು ನೋಡಿದವರೇ ಕಡಿಮೆ. ಹಾಗಾಗಿ ಜಾಣ ಆತಿಥೇಯರು ಸಿಕ್ಕ ಕಿರುಚಿತ್ರಗಳನ್ನು ವಾರ ಮುಂಚೆಯೇ ಗೆಳೆಯರಿಗೆ ತೋರಿಸಿರುತ್ತಾರೆ. ಇಬ್ಬರಿಗೆ ಸಮನಾದ ಅಂಕ ಬಂದರೆ ಏನು ಮಾಡುವುದು? ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಚೀಟಿಯ ತುದಿಯಲ್ಲಿ ಬರೆಸಿಕೊಳ್ಳುವುದು ಒಂದು ಉಪಾಯ. ಹತ್ತಿರದ ಊಹೆಗೆ ಬಹುಮಾನ. ಲೆಕ್ಕ ಇಡುವವರಿಗೆ ತಾಳ್ಮೆಯೂ ಬೇಕು. 2017ರಲ್ಲಿ ತಪ್ಪು ಲಕೋಟೆ ಕೈಸೇರಿ 'ಲಾ ಲಾ ಲ್ಯಾಂಡ್' ಶ್ರೇಷ್ಠ ಚಿತ್ರವೆಂದು ಘೋಷಣೆಯಾಯಿತು. ತಂಡದವರು ವೇದಿಕೆಯಲ್ಲಿ ಕೃತಜ್ಞತೆ ಹೇಳುತ್ತಿರುವಾಗಲೇ ಅದು 'ಮೂನ್‌ಲೈಟ್' ಪಾಲಾಯಿತು. ಕೂಡಿದ ಅಂಕ ಹೊಡೆದುಹಾಕಿ ಮತ್ತೆ ಕೂಡಬೇಕಾದ ರಾತ್ರಿ ಅದು.

ತಿಂಡಿಯೂ ಸ್ಪರ್ಧೆಯಲ್ಲಿರುವ ಚಿತ್ರಗಳಿಂದಲೇ ಬರುವುದು ವಾಡಿಕೆ. 2023ರಲ್ಲಿ ಇದು ಸಲೀಸಾಗಿತ್ತು. ಏಳು ಪ್ರಶಸ್ತಿ ಬಾಚಿದ 'ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್' ಚಿತ್ರದಲ್ಲಿ ಜಗತ್ತನ್ನೇ ನುಂಗಲು ನಿಂತ ಕರಿ ಬೇಗಲ್ (ಉಂಗುರದಾಕಾರದ ಬ್ರೆಡ್ಡು) ಒಂದಿದೆ. ಎಳ್ಳು, ಗಸಗಸೆ, ಒಣ ಈರುಳ್ಳಿ, ಬೆಳ್ಳುಳ್ಳಿ ಉದುರಿಸಿದ 'ಎವ್ರಿಥಿಂಗ್ ಬೇಗಲ್' ಅಮೆರಿಕದ ಬೇಕರಿಗಳಲ್ಲಿ ಯಾವಾಗಲೂ ಸಿಗುವ ಸರಕು. ಬುಟ್ಟಿಗೆ ತುಂಬಿಟ್ಟರೆ ಮುಗಿಯಿತು.

ಭಾರತದವರಿಗೂ ಅದು ಮರೆಯದ ವರ್ಷ. 'ನಾಟು ನಾಟು' ಹಾಡಿಗೆ ಪ್ರಶಸ್ತಿ ಬಂತು. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಆನೆಮರಿ ರಘುವಿನ ಕಥೆ 'ದಿ ಎಲಿಫೆಂಟ್ ವಿಸ್ಪರರ್ಸ್' ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಗೆದ್ದಿತು. ಮುಂದೆ ಮೈಸೂರಿನ ಚಿದಾನಂದ ನಾಯ್ಕರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಪಡೆದು, 2025ರ ಆಸ್ಕರ್ ಸ್ಪರ್ಧೆಗೆ ಅರ್ಹವಾಗಿತ್ತು. ಕೊನೆಯ ಐದರಲ್ಲಿ ಸೇರಲಿಲ್ಲ. ಸೇರಿದ್ದರೆ ಚೀಟಿಯ ಆ ಸಾಲಿನಲ್ಲಿ ಕನ್ನಡಿಗರು ಕಣ್ಣುಮುಚ್ಚಿ ಟಿಕ್ ಹಾಕುತ್ತಿದ್ದರು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇಂಥ ಕೂಟ ಮಾಡಲು ಒಂದೇ ತೊಡಕು: ಅಲ್ಲಿನ ಭಾನುವಾರ ಸಂಜೆ ಎಂದರೆ ಇಲ್ಲಿ ಸೋಮವಾರ ಬೆಳಗಿನ ಜಾವ. ಫಿಲ್ಟರ್ ಕಾಫಿ, ಬಿಸಿ ಇಡ್ಲಿಯೊಂದಿಗೆ ನೇರ ಪ್ರಸಾರ ನೋಡಿ, ಆಫೀಸಿಗೆ ತಡವಾಗಿ ಹೋಗುವುದು ಒಂದು ದಾರಿ. ಸಂಜೆ ಮರುಪ್ರಸಾರ ನೋಡುವುದು ಇನ್ನೊಂದು. ಆದರೆ ಅದಕ್ಕೆ ಇಡೀ ದಿನ ಮೊಬೈಲ್ ಮುಟ್ಟದೆ ಕೂರುವ ಗೆಳೆಯರು ಬೇಕು. ಅಂಥವರನ್ನು ಹುಡುಕುವುದಕ್ಕಿಂತ ಕಿರುಚಿತ್ರ ವಿಭಾಗದ ವಿಜೇತರನ್ನು ಊಹಿಸುವುದೇ ಸುಲಭ.