ಜಾಲಹಳ್ಳಿಯ ಸ್ಪಿಟ್‌ಫೈರ್ ಮತ್ತು ಎರಡು ಸ್ಟೇಜಿನ ಗಾಳಿಪಂಪು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದವರಿಗೆ ಸಬ್‌ಮರ್ಸಿಬಲ್ ಪಂಪಿನೊಳಗೆ ಏನಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳವೆಬಾವಿಯಿಂದ ಮೇಲೆತ್ತಿ ಬಿಚ್ಚಿದಾಗ ನೋಡಿಯೇ ಇರುತ್ತಾರೆ: ಒಂದೇ ಶಾಫ್ಟಿಗೆ ಸಾಲಾಗಿ ಪೋಣಿಸಿದ ಇಂಪೆಲ್ಲರುಗಳು. ಮೊದಲನೆಯದು ನೀರನ್ನು ಬೀಸಿ ಒತ್ತಡ ಕೊಡುತ್ತದೆ, ಮುಂದಿನದು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ನೀರು ಆಳಕ್ಕಿಳಿದಷ್ಟೂ ಸ್ಟೇಜು ಹೆಚ್ಚಬೇಕು. ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳಲ್ಲಿದ್ದ ಸೂಪರ್‌ಚಾರ್ಜರ್ ಇದೇ ಜಾತಿಯ ಯಂತ್ರ. ಇಲ್ಲಿ ನೀರು, ಅಲ್ಲಿ ಗಾಳಿ. ಇಲ್ಲಿ ಆಳದ ಸಮಸ್ಯೆ, ಅಲ್ಲಿ ಎತ್ತರದ್ದು.

ಅಂಥದೊಂದು ವಿಮಾನ ನಮ್ಮ ಪಕ್ಕದಲ್ಲೇ ಬಹಳ ಕಾಲ ನಿಂತಿತ್ತು. ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜಿನಲ್ಲಿದ್ದ ಆ ಸ್ಪಿಟ್‌ಫೈರ್ 14ರ ಸಂಖ್ಯೆ ಎಂವಿ 293. ಬ್ರಿಟನ್ನಿನಿಂದ 1945ರಲ್ಲಿ ಭಾರತಕ್ಕೆ ಬಂದದ್ದು, ಯುದ್ಧ ಮುಗಿದದ್ದರಿಂದ ವಿದ್ಯಾರ್ಥಿಗಳ ಕಲಿಕೆಗೂ ಆಮೇಲೆ ಪ್ರದರ್ಶನಕ್ಕೂ ಉಳಿಯಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಮರಳಿ, ಡಕ್ಸ್‌ಫರ್ಡಿನ ಫೈಟರ್ ಕಲೆಕ್ಷನ್ ಸಂಸ್ಥೆಯ ಕೈಯಲ್ಲಿ ದುರಸ್ತಿಯಾಗಿ 1992ರಲ್ಲಿ ಮತ್ತೆ ಹಾರಿತು.

ಅದರ ಮೂಗಿನಲ್ಲಿರುವುದು ರೋಲ್ಸ್ ರಾಯ್ಸ್ ಗ್ರಿಫನ್ ಎಂಜಿನ್. 12 ಸಿಲಿಂಡರ್, ಸುಮಾರು 36.7 ಲೀಟರ್ ಗಾತ್ರ, 2,000 ಅಶ್ವಶಕ್ತಿಗೂ ಮೀರಿದ ಬಲ. ಆದರೆ ಗಾತ್ರವೊಂದರಿಂದಲೇ ಈ ಬಲ ಬರುವುದಿಲ್ಲ. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಅದನ್ನು ಸುಡಲು ತಕ್ಕಷ್ಟು ಗಾಳಿ ಸಿಲಿಂಡರಿಗೆ ಸೇರಬೇಕು. ಸಮುದ್ರ ಮಟ್ಟದಿಂದ ಸುಮಾರು 860 ಮೀಟರ್ ಮೇಲಿರುವ ತಿಪಟೂರಿನಲ್ಲೇ ಗಾಳಿ ಮಂಗಳೂರಿಗಿಂತ ಶೇ 8ರಷ್ಟು ತೆಳು. 18,000 ಅಡಿಗೆ ಏರಿದರೆ ಗಾಳಿಯ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ. ಸಾದಾ ಎಂಜಿನ್ ಅಲ್ಲಿ ಸುಮಾರು ಅರ್ಧ ಬಲವನ್ನಷ್ಟೇ ಕೊಡಬಲ್ಲದು. ಶತ್ರುವಿಗಿಂತ ಮೇಲಿರಬೇಕಾದ ಫೈಟರಿಗೆ ಇದು ಸಾವು ಬದುಕಿನ ಪ್ರಶ್ನೆ.

ಅದಕ್ಕೇ ಎಂಜಿನ್ನಿನ ಹಿಂಭಾಗದಲ್ಲಿ ಎರಡು ಇಂಪೆಲ್ಲರ್‌ಗಳನ್ನು ಒಂದೇ ಶಾಫ್ಟಿಗೆ ಹಾಕಿ, ಕ್ರ್ಯಾಂಕ್‌ಶಾಫ್ಟಿನಿಂದ ಗೇರ್ ಮೂಲಕ ತಿರುಗಿಸುತ್ತಾರೆ. ನಮ್ಮ ಬೋರ್‌ವೆಲ್ ಮೋಟಾರು ನಿಮಿಷಕ್ಕೆ 3,000 ಸುತ್ತಿಗಿಂತ ತುಸು ಕಡಿಮೆ ತಿರುಗುತ್ತದೆ. ಗ್ರಿಫನ್ನಿನ ಕ್ರ್ಯಾಂಕ್‌ಶಾಫ್ಟೂ ಹೆಚ್ಚೆಂದರೆ 2,750 ಸುತ್ತು. ಇಂಪೆಲ್ಲರ್ ಮಾತ್ರ 20,000ದ ಆಸುಪಾಸು! ಗಾಳಿ ನೀರಿಗಿಂತ ಅಷ್ಟು ಹಗುರ. ಹುಚ್ಚು ವೇಗವಿಲ್ಲದೆ ಅದಕ್ಕೆ ಒತ್ತಡ ಹುಟ್ಟುವುದಿಲ್ಲ. ಈ ಒತ್ತಡವನ್ನು ಬ್ರಿಟಿಷರು ಸಮುದ್ರ ಮಟ್ಟಕ್ಕಿಂತ ಚದರ ಇಂಚಿಗೆ ಎಷ್ಟು ಪೌಂಡ್ ಹೆಚ್ಚು ಎಂದು ಎಣಿಸಿ 'ಬೂಸ್ಟ್' ಎನ್ನುತ್ತಿದ್ದರು. +18 ಬೂಸ್ಟ್ ಎಂದರೆ ಸಿಲಿಂಡರಿಗೆ ಹೋಗುವ ಗಾಳಿಗೆ ಸಮುದ್ರ ಮಟ್ಟದ ಸುಮಾರು 2.2 ಪಟ್ಟು ಒತ್ತಡ.

ಪಂಪಿಗೂ ಸೂಪರ್‌ಚಾರ್ಜರಿಗೂ ಇರುವ ಸಾಮ್ಯ ಇಲ್ಲಿಗೆ ಮುಗಿಯಿತು. ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಲೆಕ್ಕಕ್ಕೆ ಬರುವಷ್ಟು ಬಿಸಿಯೂ ಆಗುವುದಿಲ್ಲ. ಗಾಳಿ ಎರಡೂ ಆಗುತ್ತದೆ. ಎರಡು ಸ್ಟೇಜು ದಾಟುವಷ್ಟರಲ್ಲಿ ಗಾಳಿ ಪೆಟ್ರೋಲಿನ ಮಿಶ್ರಣ 200 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಬಿಸಿ ಗಾಳಿ ಹಿಗ್ಗುವುದರಿಂದ ತುಂಬಿದ ಶ್ರಮ ಅರ್ಧ ದಂಡ. ಅದಕ್ಕಿಂತ ಕೆಟ್ಟದ್ದೆಂದರೆ ಮಿಶ್ರಣದ ಒಂದು ಪಾಲು ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಮೊಪೆಡ್ಡಿನಲ್ಲಿ ಕಿಟಿಕಿಟಿ ಸದ್ದು ಕೇಳಿಸಿ ಸುಮ್ಮನಾಗಬಹುದು, 2,000 ಅಶ್ವಶಕ್ತಿಯಲ್ಲಿ ಪಿಸ್ಟನ್ ತೂತಾಗುತ್ತದೆ. ಆದ್ದರಿಂದ ಸೂಪರ್‌ಚಾರ್ಜರಿಗೂ ಸಿಲಿಂಡರಿಗೂ ನಡುವೆ ದ್ರವದಿಂದ ತಂಪಾಗುವ ಇಂಟರ್‌ಕೂಲರ್ ಇಟ್ಟರು, ಸುಲಭವಾಗಿ ನಾಕ್ ಆಗದ, ಹೆಚ್ಚು ಆಕ್ಟೇನಿನ ಪೆಟ್ರೋಲ್ ಬಳಸಿದರು. ಯುದ್ಧವನ್ನು ಎಂಜಿನ್ ಎಷ್ಟು ಗೆದ್ದಿತೋ ಪೆಟ್ರೋಲೂ ಅಷ್ಟೇ ಗೆದ್ದಿತು ಎಂಬುದು ನನ್ನ ಎಣಿಕೆ.

ಈ ಸೂಪರ್‌ಚಾರ್ಜರಿಗೆ ಗೇರ್ ಎರಡು. ಏಕೆ? ಇಂಪೆಲ್ಲರ್ ತಿರುಗಿಸಲು ಎಂಜಿನ್ ತನ್ನದೇ ನೂರಾರು ಅಶ್ವಶಕ್ತಿ ಕೊಡಬೇಕು. ನೆಲದ ಹತ್ತಿರ, ಗಾಳಿ ದಟ್ಟವಾಗಿರುವಲ್ಲಿ, ಅಷ್ಟೊಂದು ವೇಗ ವ್ಯರ್ಥ ಖರ್ಚು. ಹಾಗಾಗಿ ಕೆಳಗೆ ನಿಧಾನದ ಗೇರ್, ಮೇಲೆ ವೇಗದ ಗೇರ್. ಗ್ರಿಫನ್ 65 ಎಂಬ ಮಾದರಿ ಮೊದಲ ಗೇರಿನಲ್ಲಿ 7,000 ಅಡಿಯಲ್ಲಿ 2,035 ಅಶ್ವಶಕ್ತಿ ಕೊಡುತ್ತಿತ್ತು. ಗಾಳಿಯ ಒತ್ತಡ ಅರ್ಧಕ್ಕೂ ಕಡಿಮೆಯಾಗುವ 21,000 ಅಡಿಯಲ್ಲಿ ಎರಡನೇ ಗೇರು ಸುಮಾರು 1,820 ಉಳಿಸಿಕೊಡುತ್ತಿತ್ತು. ನನಗೆ ಬೆರಗು ಈ ಎರಡನೇ ಅಂಕಿಯ ಬಗ್ಗೆಯೇ.

ಕೊಬ್ಬರಿ ಹೇರಿಕೊಂಡು ಉತ್ತರ ಭಾರತಕ್ಕೆ ಹೋಗುವ ಲಾರಿಗಳ ಟರ್ಬೊ ಇದರ ದಾಯಾದಿ. ಅದನ್ನು ತಿರುಗಿಸುವುದು ಗೇರಲ್ಲ, ಸೈಲೆನ್ಸರಿನತ್ತ ಹೊರಟ ಹೊಗೆ. ಆ ಯುದ್ಧದಲ್ಲಿ ಅಮೆರಿಕದವರಿಗೆ ದೊಡ್ಡ ಬಾಂಬರುಗಳಲ್ಲಿ ಈ ದಾರಿ ಇಷ್ಟವಾಗಿತ್ತು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಸ್ವಾತಂತ್ರ್ಯಾನಂತರ ಕಾನ್ಪುರದ ಗುಜರಿಯಿಂದ ತಂದು ಎಬ್ಬಿಸಿದ ಲಿಬರೇಟರ್ ಬಾಂಬರುಗಳು ಟರ್ಬೊ ಎಂಜಿನ್ನಿನವೇ.

ಈಗ ಪ್ರದರ್ಶನಕ್ಕೆ ಹಾರುವ ವಿಮಾನಗಳ ಕಥೆ ಬೇರೆ. ಜನ ನೋಡಬೇಕಾದ್ದರಿಂದ ಅವು ಕೆಲವೇ ನೂರು, ಸಾವಿರ ಅಡಿಯಲ್ಲಿ ಸುತ್ತುತ್ತವೆ. ಅಲ್ಲಿ ಥ್ರಾಟಲ್ ಪೂರ್ತಿ ತೆರೆದರೆ ಬೂಸ್ಟ್ ಮಿತಿ ಮೀರಿ ಎಂಜಿನ್ ಹಾಳಾಗುತ್ತದೆ. ಅದನ್ನು ತಡೆಯಲೆಂದೇ ಇರುವ ಗಾಳಿಯೊತ್ತಡದ ಡಬ್ಬಿಯೊಂದು ಗಾಳಿದಾರಿಯನ್ನು ತಾನೇ ಕಿರಿದು ಮಾಡುತ್ತದೆ. ಇಂದು ಸಿಗುವ 100 ಆಕ್ಟೇನಿನ ಪೆಟ್ರೋಲಿಗೆ ಯುದ್ಧದ ಕೊನೆಗಾಲದ ಅತ್ಯುತ್ತಮ ಪೆಟ್ರೋಲಿನಷ್ಟು ತಾಳಿಕೆಯಿಲ್ಲ, ಬಿಡಿಭಾಗವೂ ದುಬಾರಿ. ಹೀಗಾಗಿ ಯುದ್ಧದ ಬೂಸ್ಟಿಗೆ ಸಾಮಾನ್ಯವಾಗಿ ಯಾರೂ ಕೈಹಾಕುವುದಿಲ್ಲ. ಕೆಲವರಂತೂ ವೇಗದ ಗೇರನ್ನು ಬಂದ್ ಮಾಡಿಬಿಟ್ಟಿರುತ್ತಾರೆ. ಅದನ್ನು ಅಪಚಾರ ಎನ್ನುವವರಿದ್ದಾರೆ. ಎಂಜಿನ್ ಉಳಿಯಬೇಕಾದರೆ ಅದೇ ಸರಿ.

ದೆಹಲಿಗೆ ಹೋದಾಗ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದ ಸ್ಪಿಟ್‌ಫೈರ್ 18 ನೋಡಿ ಬನ್ನಿ. ಐದು ಅಲಗಿನ ಪ್ರೊಪೆಲ್ಲರ್ ಇದ್ದರೆ ಒಳಗೆ ಗ್ರಿಫನ್. ಆಮೇಲೆ ಬಗ್ಗಿ ರೆಕ್ಕೆಗಳ ಅಡಿ ನೋಡಿ. ಹಳೆಯ ಸ್ಪಿಟ್‌ಫೈರ್‌ಗಳಲ್ಲಿ ಒಂದು ಕಡೆ ದೊಡ್ಡ ರೇಡಿಯೇಟರ್ ಪೆಟ್ಟಿಗೆ, ಇನ್ನೊಂದು ಕಡೆ ಸಣ್ಣದು ಇರುತ್ತಿತ್ತು. ಎರಡು ಸ್ಟೇಜಿನ ಎಂಜಿನ್ನಿನವುಗಳಲ್ಲಿ ಎರಡೂ ಸರಿಸಮ ದಪ್ಪ. ಇಂಟರ್‌ಕೂಲರಿನ ರೇಡಿಯೇಟರ್ ಅವುಗಳಲ್ಲೊಂದು ಪೆಟ್ಟಿಗೆಯಲ್ಲಿದೆ.