ಉಪ್ಪುಗಾಳಿ, ಬುಡಮೇರು ಮತ್ತು ಓದಲೊಲ್ಲದ ಡಿಸ್ಕ್

‘ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ ವಿಂಡೋಸ್. ಮಗಳ ಮದುವೆಯ ವಿಡಿಯೊ, ತೀರಿಕೊಂಡ ತಂದೆಯ ದನಿ, ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧ ಎಲ್ಲವೂ ಆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲೇ ಇರುತ್ತವೆ. ಗಾಬರಿಯಲ್ಲಿ ‘ಸರಿ’ ಒತ್ತಿದವರು ಎಷ್ಟೋ ಮಂದಿ. ಹಾಗೆ ಒತ್ತಿದವರೂ ಒತ್ತದೆ ಉಳಿದವರೂ ಕೊನೆಗೆ ಬಂದು ನಿಲ್ಲುವುದು ವಿಶಾಖಪಟ್ಟಣದ ದ್ವಾರಕಾನಗರದಲ್ಲೋ ವಿಜಯವಾಡದ ಗವರ್ನರ್‌ಪೇಟೆಯಲ್ಲೋ, ಕಂಪ್ಯೂಟರ್ ರಿಪೇರಿ ಮಾಡುವವರ ಮೇಜಿನ ಮುಂದೆ. ಡೇಟಾ ರಿಕವರಿ ಎಂಬ ಈ ಕಸುಬಿನ ಮೊದಲ ಪಾಠ ಒಂದೇ: ಕೆಟ್ಟ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು.

ಡಿಸ್ಕ್ ಓದಲಾಗುತ್ತಿಲ್ಲ ಎಂದಾಕ್ಷಣ ಫೈಲ್‌ಗಳು ಅಳಿದವು ಎಂದಲ್ಲ. ಬಹಳ ಸಲ ಹಾಳಾಗಿರುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಪುಸ್ತಕದ ಪರಿವಿಡಿ ಹರಿದಿದೆ, ಪುಟಗಳು ಹಾಗೇ ಇವೆ. ಈ ಹಂತದಲ್ಲಿ ಅರೆಬರೆ ತಿಳಿದವರು ‘ಚೆಕ್ ಡಿಸ್ಕ್’ (CHKDSK) ಓಡಿಸುತ್ತಾರೆ. ಅದು ಪಟ್ಟಿಯನ್ನು ಸರಿಮಾಡುವ ಭರದಲ್ಲಿ ಉಳಿದಿದ್ದ ಸುಳಿವುಗಳ ಮೇಲೇ ಬರೆದುಬಿಡಬಹುದು. ಅದಕ್ಕಿಂತ ನೋವಾಗುವುದು, ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಂಡದ್ದನ್ನು ಕಂಡಾಗ. ಪಳಗಿದ ಕೈ ಮೊದಲು ಇಡೀ ಡಿಸ್ಕಿನ ಯಥಾಪ್ರತಿ ತೆಗೆಯುತ್ತದೆ. ಅದಕ್ಕೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ: ಸಲೀಸಾಗಿ ಓದಸಿಗುವ ಜಾಗಗಳನ್ನು ಮೊದಲು ನಕಲು ಮಾಡಿಕೊಂಡು, ತಕರಾರು ಮಾಡುವ ಬ್ಯಾಡ್ ಸೆಕ್ಟರ್‌ಗಳಿಗೆ ಆಮೇಲೆ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ಪ್ರತಿಯ ಮೇಲೆ. ಪಾರ್ಟಿಷನ್ ಕಳೆದಿದ್ದರೆ ‘ಟೆಸ್ಟ್‌ಡಿಸ್ಕ್’. ಪಟ್ಟಿ ಪೂರಾ ಹೋಗಿದ್ದರೆ ‘ಫೋಟೊರೆಕ್’. ಜೆಪೆಗ್ ಚಿತ್ರ ಯಾವ ಬೈಟ್‌ಗಳಿಂದ ಶುರುವಾಗುತ್ತದೆಂದು ಫೋಟೊರೆಕ್‌ಗೆ ಗೊತ್ತು. ಫೈಲಿನ ಹೆಸರು ಸಿಗದಿದ್ದರೂ ಮುಖಗಳು ಸಿಗುತ್ತವೆ.

ವಿಶಾಖಪಟ್ಟಣ ಕಡಲ ತಡಿಯ ಊರು. ಉಪ್ಪು ಬೆರೆತ ತೇವದ ಗಾಳಿ ಲೋಹವನ್ನು ಬಿಡುವುದಿಲ್ಲ. ಡಿಸ್ಕಿನ ಹಸಿರು ಬೋರ್ಡನ್ನು ಬಿಚ್ಚಿ ತಿರುಗಿಸಿದರೆ, ಡೇಟಾ ಓದಿ ಬರೆಯುವ ಒಳಗಿನ ಹೆಡ್‌ಗಳಿಗೆ ತಾಗುವ ಪುಟ್ಟ ಲೋಹದ ಚುಕ್ಕೆಗಳು ಕಪ್ಪಿಟ್ಟಿರುವುದುಂಟು. ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿದರೆ ಕೆಲವು ಡಿಸ್ಕ್‌ಗಳು ಮತ್ತೆ ಮಾತಾಡುತ್ತವೆ. ಬೋರ್ಡೇ ಸುಟ್ಟಿದ್ದರೆ ಅದೇ ಮಾಡೆಲಿನ ಇನ್ನೊಂದನ್ನು ತಂದು ಕೂರಿಸಿದರಾಯಿತು ಎಂಬ ಕಾಲ ಮುಗಿದಿದೆ. ಈಗಿನ ಒಂದೊಂದು ಡಿಸ್ಕಿಗೂ ಅದರದೇ ಅಳತೆಗಳಿದ್ದು, ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿ ಬರೆದಿರುತ್ತವೆ. ಆ ಚಿಪ್ಪನ್ನು ಹೊಸ ಬೋರ್ಡಿಗೆ ಬೆಸುಗೆ ಹಾಕಿ ಸಾಗಿಸಬೇಕು. ವೆಸ್ಟರ್ನ್ ಡಿಜಿಟಲ್‌ನ ಹಲವು ‘ಮೈ ಪಾಸ್‌ಪೋರ್ಟ್’ ಡಿಸ್ಕ್‌ಗಳಲ್ಲಂತೂ ಪಾಸ್‌ವರ್ಡ್ ಇಡದಿದ್ದರೂ ಚಿಪ್ಪೊಂದು ಡೇಟಾವನ್ನೆಲ್ಲ ಗೂಢಲಿಪಿಗೆ ತಿರುಗಿಸಿರುತ್ತದೆ. ಹಳೆಯ ಬೋರ್ಡನ್ನು ಕಸಕ್ಕೆ ಎಸೆದವರು ಬೀಗದ ಕೈಯನ್ನೇ ಎಸೆದಂತೆ.

ವಿಜಯವಾಡದ ಕಥೆ ಬೇರೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳ ಉಕ್ಕಿ ಸಿಂಗ್ ನಗರದ ಸುತ್ತಲಿನ ಬಡಾವಣೆಗಳಿಗೆ ನುಗ್ಗಿತು. ಹಲವು ದಿನ ನೀರು ಇಳಿಯಲಿಲ್ಲ. ಅಂಥ ನೀರಿನಲ್ಲಿ ನೆನೆದ ಡಿಸ್ಕನ್ನು ಕಂಡರೆ ಯಾರಿಗಾದರೂ ತೋಚುವುದು ಬಿಸಿಲಿಗಿಡುವುದು, ಅಕ್ಕಿಯಲ್ಲಿ ಹೂಳುವುದು, ಒಣಗಿತೆನಿಸಿದಾಗ ಒಂದು ಸಲ ಚುಚ್ಚಿ ನೋಡುವುದು. ಮೂರೂ ತಪ್ಪು. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿಯಾಡಲು ಸಣ್ಣದೊಂದು ರಂಧ್ರವಿರುತ್ತದೆ, ಅದರಿಂದ ಕೆಸರುನೀರು ಒಳಗಿಳಿದಿರಬಹುದು. ಒಣಗಿದರೆ ಮಣ್ಣು ಡೇಟಾ ಇರುವ ತಟ್ಟೆಗಳ ಮೇಲೆ ಪದರವಾಗಿ ಕಚ್ಚಿಕೊಳ್ಳುತ್ತದೆ. ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವಾಗ ಹೆಡ್ ತೇಲುವುದು ಅದರಿಂದ ಬರೀ ಕೆಲವು ನ್ಯಾನೊಮೀಟರ್ ಮೇಲೆ. ಬೆರಳಚ್ಚಿನ ಜಿಡ್ಡು ಕೂಡ ಆ ಸಂದಿಗಿಂತ ದಪ್ಪ. ಮಣ್ಣಿಗೆ ತಾಗಿದ ಹೆಡ್ ತಟ್ಟೆಯನ್ನೇ ಕೆರೆಯುತ್ತದೆ, ಕೆರೆದುಹೋದದ್ದನ್ನು ಯಾವ ಲ್ಯಾಬೂ ಮರಳಿ ತರಲಾರದು. ಕರೆಂಟ್ ಕೊಡದೆ, ಒಣಗಿಸದೆ, ಒದ್ದೆಯಾಗಿರುವಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕ್ಲೀನ್ ರೂಮ್ ಇರುವ ಲ್ಯಾಬಿಗೆ ಮುಟ್ಟಿಸಬೇಕು. ‘ಕ್ಲಾಸ್ 100’ ಕೊಠಡಿ ಎಂದರೆ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕೂ ದೊಡ್ಡ ಧೂಳಿನ ಕಣ 100ಕ್ಕಿಂತ ಹೆಚ್ಚಿರಬಾರದು. ‘ಟಕ್ ಟಕ್’ ಸದ್ದು ಮಾಡುವ ಡಿಸ್ಕಿಗೆ ಅದೇ ಮಾಡೆಲಿನ ‘ಡೋನರ್’ ಡಿಸ್ಕಿನ ಹೆಡ್‌ಗಳನ್ನು ಜೋಡಿಸುವುದೂ ಅಲ್ಲೇ. ಅಂಗಡಿಯ ಫ್ಯಾನಿನ ಕೆಳಗೆ ಮುಚ್ಚಳ ತೆಗೆಯಲು ಹೊರಟವರಿಂದ ಡಿಸ್ಕನ್ನು ವಾಪಸ್ ಇಸಿದುಕೊಳ್ಳಿ, ಸಂಕೋಚ ಬೇಡ.

ಆಸೆ ಬಿಡಬೇಕಿಲ್ಲ ಎನ್ನಲು ಒಂದು ನಿದರ್ಶನವಿದೆ. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದಾಗ, ಸುಟ್ಟು ಕರಕಲಾದ ಸೀಗೇಟ್ ಡಿಸ್ಕೊಂದು ನೆಲಕ್ಕೆ ಬಿದ್ದು ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯವರು ತಟ್ಟೆಗಳನ್ನು ತೊಳೆದು ಬೇರೆ ಡಿಸ್ಕಿನೊಳಗೆ ಕೂರಿಸಿ ಶೇ 99ರಷ್ಟು ಡೇಟಾ ಹೊರತೆಗೆದರು. ಹಳೆಯ ಡಾಸ್ ವ್ಯವಸ್ಥೆ ಮಾಹಿತಿಯನ್ನು ಚೆದುರಿಸದೆ ಒಂದೆಡೆ ಬರೆದಿತ್ತು, ತಟ್ಟೆಯ ಆ ಭಾಗಕ್ಕೆ ಪೆಟ್ಟಾಗಿರಲಿಲ್ಲ. ಅದರಲ್ಲಿದ್ದ, ಝೆನಾನ್ ಅನಿಲದ ಕುರಿತ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಎಸ್‌ಎಸ್‌ಡಿಗಳ ಮಾತು ಅಷ್ಟು ಧೈರ್ಯದ್ದಲ್ಲ. ಅಳಿಸಿದ ಜಾಗವನ್ನು ‘ಟ್ರಿಮ್’ ಆದೇಶ ಖಾಲಿ ಮಾಡಿಸಿಬಿಟ್ಟರೆ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದರೆ 48 ಅಂಕಿಯ ರಿಕವರಿ ಕೀಯನ್ನೂ ಜೊತೆಗೊಯ್ಯಿರಿ. ಡಿಸ್ಕ್ ಕೊಡುವಾಗ ಅದರ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ. ಹಣ ಕಟ್ಟುವ ಮುನ್ನ ಸಿಕ್ಕ ಫೈಲ್‌ಗಳ ಪಟ್ಟಿ ಕೇಳಿ, ನಿಮಗೆ ತೀರಾ ಬೇಕಾದ ನಾಲ್ಕಾರನ್ನು ಅಲ್ಲೇ ತೆರೆಸಿ ನೋಡಿ.